ಕರಟದ ಸೂಜಿ

ಒಂದು ಊರಿನಲ್ಲಿ ಇಬ್ಬರು ಅಕ್ಕತಂಗಿಯರಿದ್ದರಂತೆ. ಒಂದೇ ಪೆಟ್ಟಿಗೆಯಲ್ಲಿ ಹುಟ್ಟಿದವರು, ಒಂದೇ ಬಸ್ಸಿನಲ್ಲಿ ಶಿವಮೊಗ್ಗದಿಂದ ಇಳಿದು ಬಂದವರು. ಅಕ್ಕನಿಗೆ ತಾಮ್ರದ ಅರಮನೆ. ಬೆಳಗಾದರೆ ಬಿಸಿನೀರಿನ ಸ್ನಾನ, ಒಬ್ಬರ ಮನೆ ಹೊಕ್ಕು ಬಂದರೆ ಮತ್ತೆ ಸ್ನಾನ. ತಂಗಿಗೆ ತೆಂಗಿನ ಕರಟ. ಹುಟ್ಟಿದಾಗಿನಿಂದ ಅವಳು ಮಿಂದವಳೇ ಅಲ್ಲ. ಒಬ್ಬರ ಮನೆಯ ರಕ್ತ, ಇನ್ನೊಬ್ಬರ ಮನೆಯ ಕೀವು ಎಲ್ಲವನ್ನೂ ಮೈಗೆ ಮೆತ್ತಿಕೊಂಡೇ ಮುಂದಿನ ಮನೆಯ ಕದ ತಟ್ಟುತ್ತಿದ್ದಳು. ಅವಳು ಹೊಕ್ಕ ಮನೆಯಲ್ಲಿ ಅಳು ಏಳುತ್ತಿತ್ತು.

ಅಕ್ಕತಂಗಿಯರೆಂದರೆ ಇಂಜೆಕ್ಷನ್ ಸೂಜಿಗಳು. ಊರೆಂದರೆ ಶಿಕಾರಿಪುರ, ಕನ್ನಡದ ಸೀಮೆಗಳೆಲ್ಲ ಕೂಡಿ ಒಂದು ರಾಜ್ಯವಾದ ಮರುವರ್ಷ. ಅರಮನೆಯೆಂದರೆ ಊರಿನ ದೊಡ್ಡಮನೆಯ ಒಡತಿ ತುಂಗಮ್ಮನವರ ಮಾವ ಕಟ್ಟಿಸಿದ ಧರ್ಮಾಸ್ಪತ್ರೆಯ ಔಷಧಿ ಕೋಣೆಯಲ್ಲಿದ್ದ ಒಂದು ತಪ್ಪಲೆ. ಕರಟ ತೂಗುತ್ತಿದ್ದುದು ಹಿಂದಿನ ಜಗಲಿಯ ಗಳುವಿಗೆ, ಕೇರಿಯವರು ಕೂರುವ ಕಡೆ. ಈ ಕಥೆ ಕಟ್ಟಿದವಳು ಆ ಆಸ್ಪತ್ರೆಯ ಕಸ ಗುಡಿಸುವ ಹನುಮಮ್ಮ. ತಾನು ಕಂಡದ್ದನ್ನೆಲ್ಲ ಕಥೆ ಮಾಡಿ ಮಗಳಿಗೆ ಹೇಳುವುದು ಅವಳ ಅಭ್ಯಾಸ.

“ಅಲ್ಲೇ ನಿಂತ್ಕಳೇ ಬೋಸುಡಿ. ತಪ್ಪಲಿ ಮೇಲೆ ನಿನ್ನ ನೆಳ್ಳು ಬಿತ್ತಂದ್ರೆ ಪೊರಕೆ ಬಾಯಾಗೆ ತುರುಕ್ತೀನಿ.”

ಕಾಂಪೌಂಡರ್ ಶೇಷಪ್ಪನ ದಿನ ಶುರುವಾಗುತ್ತಿದ್ದುದು ಹೀಗೆ. ತಪ್ಪಲೆ ಅವನ ಮನೆಯದು. ಆಸ್ಪತ್ರೆಯ ತಗಡಿನ ಡಬ್ಬಿ ತೂತುಬಿದ್ದಾಗ ಸೂಜಿ ಕುದಿಸಲು ತನ್ನ ಮನೆಯ ಬಚ್ಚಲೊಲೆಯ ತಾಮ್ರದ ತಪ್ಪಲೆಯನ್ನೇ ತಂದಿಟ್ಟಿದ್ದ. ಊರವರು ಹೊಗಳಿದ್ದರು. ಸ್ನಾನ ಮಾಡಿ, ತಾನೇ ಬಾವಿಯಿಂದ ನೀರು ಸೇದಿ, ಸೀಮೆಎಣ್ಣೆ ಸ್ಟೋವಿನ ಮೇಲಿಟ್ಟು, ನೀರು ಮರಳತೊಡಗಿದ ಮೇಲೆ ಒಂದು ಸ್ತೋತ್ರ ಹೇಳುತ್ತಿದ್ದ. ಸ್ತೋತ್ರ ಮುಗಿದರೆ ಸೂಜಿ ಶುದ್ಧ.

ಕೇರಿಯವರ ಮೈಗೆ ಚುಚ್ಚಿದ್ದನ್ನು ಮನೆಯ ತಪ್ಪಲೆಯಲ್ಲಿ ಹಾಕುವುದು ಹೇಗೆ? ಅದಕ್ಕೇ ಕರಟ. ಅದರ ಸೂಜಿಗೆ ನೀರಿಲ್ಲ, ಬೆಂಕಿಯಿಲ್ಲ. ಔಷಧಿ ತುಂಬುವ ಗಾಜಿನ ಪಿಚಕಾರಿ ಮಾತ್ರ ಎಲ್ಲರಿಗೂ ಒಂದೇ. ಅದು ಮೈ ಮುಟ್ಟುವುದಿಲ್ಲವಾದ್ದರಿಂದ ಅದಕ್ಕೆ ಮೈಲಿಗೆಯಿಲ್ಲ ಎಂದು ಶೇಷಪ್ಪ ಲೆಕ್ಕ ಹಾಕಿದ್ದ. ಎಲ್ಲವನ್ನೂ ಕುದಿಸಬೇಕು ಎಂದು ಡಾಕ್ಟರು ಬಂದ ಹೊಸದರಲ್ಲಿ ಎಲ್ಲರೆದುರಿಗೇ ಹೇಳಿದ್ದರು. ಕುದಿಸ್ತೀವಲ್ರೀ, ಕುದಿಸೋ ಅಂಥದ್ದನ್ನೆಲ್ಲ ಕುದಿಸ್ತೀವಿ ಅಂದಿದ್ದ ಶೇಷಪ್ಪ. ಡಾಕ್ಟರಿಗೆ ಮನೆ ಕೊಟ್ಟವರು, ಅಕ್ಕಿ ಕಳಿಸುವವರು ತುಂಗಮ್ಮ. ಆಮೇಲೆ ಅವರು ಹಿಂದಿನ ಜಗಲಿಯ ಕಡೆ ಬಂದದ್ದನ್ನು ಯಾರೂ ಕಾಣಲಿಲ್ಲ.

ಹನುಮಮ್ಮನ ಒಬ್ಬಳೇ ಮಗಳು ಚೌಡೇಶ್ವರಿಯನ್ನು ಸೊರಬದ ಕೇರಿಗೆ ಕೊಟ್ಟಿತ್ತು. ಗಂಡ ಕಲ್ಲಪ್ಪ ಅಲ್ಲಿಯ ಪೇಟೆಯಲ್ಲಿ ಚೀಲ ಹೊರುವವನು. ಕೂಸು ಗುತ್ಯಮ್ಮನನ್ನು ಗಂಡನ ಹತ್ತಿರ ಬಿಟ್ಟು ತವರಿಗೆ ಬಂದಿದ್ದ ಚೌಡೇಶ್ವರಿಗೆ ಕೆಮ್ಮು ಹತ್ತಿ ಜ್ವರ ಏರಿತು. ಜಗಲಿಯಲ್ಲಿ ಅವಳ ಮುಂದೆ ಕೂತಿದ್ದವನು ಬೆನ್ನ ತುಂಬ ಕುರುವೆದ್ದ ಮುದುಕ ಕೆಂಪಪ್ಪ. ಶೇಷಪ್ಪ ಅವನ ತೋಳಿನಿಂದ ಸೂಜಿ ಕಿತ್ತ. ಕೀವು ಒರೆಸಿಕೊಳ್ಳುತ್ತಿದ್ದ ಮುದುಕನದೇ ಟವೆಲ್ಲಿನ ತುದಿಗೆ ಅದನ್ನು ಒರೆಸಿ ಚೌಡೇಶ್ವರಿಗೆ ಚುಚ್ಚಿದ. ಹನುಮಮ್ಮ ಬೇಡವೆನ್ನಲು ಬಾಯಿ ತೆರೆದಿದ್ದಳು.

“ಒರೆಸಿದ್ನಲ್ಲೇ. ಇನ್ನೇನು ಅದಕ್ಕೆ ಆರತಿ ಎತ್ಲಾ?”

ಜಗಲಿಯಲ್ಲಿದ್ದ ಒಂದಿಬ್ಬರು ನಕ್ಕರು. ಚೌಡೇಶ್ವರಿಯೂ ನಕ್ಕಳು.

ಚುಚ್ಚಿದ ಕಡೆ ಸೊಂಟದ ಕೆಳಗೆ ಬಾವು ಬದನೆಕಾಯಿಯಷ್ಟಾಯಿತು. ಆಮೇಲೆ ಬದನೆಕಾಯಿಯ ಬಣ್ಣಕ್ಕೂ ತಿರುಗಿತು. ಒಡೆದು ಸೋರತೊಡಗಿದಾಗ ತುಂಗಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, ಮಾವನವರ ಹೆಸರಿನ ಕಟ್ಟಡದಲ್ಲಿ ಇದೇನು ನಾತ ಎಂದು ಕೇಳಿದರು. ಚೌಡೇಶ್ವರಿಯನ್ನು ಚಾಪೆ ಸಮೇತ ಎಳೆದು ಸೌದೆ ಕೊಟ್ಟಿಗೆಗೆ ಹಾಕಿದರು. ನೊಣ ಹೊಡೆಯುತ್ತ ಕೂತಿದ್ದ ತಾಯನ್ನು ಅವಳು ಕೇಳಿದಳು:

“ಅವ್ವಾ, ನಿನ್ನ ತಂಗಿ ಸೂಜಿ ಕಥಿ ಕಡೀಗೇನಾತು?”

“ಅದಿನ್ನೂ ಮುಗ್ದಿಲ್ಲ ಮಗಾ.”

“ಮುಗ್ಸು. ಅದರ ಮೈಮ್ಯಾಲೆ ಒಂದೀಟು ಬಿಸ್ನೀರ ಹುಯ್ಯಿ. ನನ್ನ ಗುತ್ಯಮ್ಮಗೆ ಹಂಗೇ ಚುಚ್ಚಾಕೆ ಬಿಡಬ್ಯಾಡ. ಆಣಿ ಮಾಡು.”

ಹನುಮಮ್ಮ ಸುಡುತ್ತಿದ್ದ ಆ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದಳು. ಕೈ ತೆಗೆಯುವ ಮೊದಲೇ ತಲೆ ತಣ್ಣಗಾಗತೊಡಗಿತ್ತು.

ಮಗಳನ್ನು ಮಣ್ಣು ಮಾಡಿ ಬಂದ ಹನುಮಮ್ಮ ಕರಟವನ್ನು ಬಿಚ್ಚಿಕೊಂಡು ಹೋಗಿ, ಕೊಟ್ಟಿಗೆಯ ಹಿಂದೆ ಮೂರು ಕಲ್ಲು ಹೂಡಿ, ತನ್ನ ಗಂಜಿ ಗಡಿಗೆಯಲ್ಲಿ ನೀರಿಟ್ಟಳು. ನೀರು ಇನ್ನೂ ಸದ್ದು ಮಾಡಿರಲಿಲ್ಲ; ಶೇಷಪ್ಪ ಬಂದು ಗಡಿಗೆ ಒದ್ದ. ಆಸ್ಪತ್ರೆಯ ಮಾಲನ್ನು ಕೇರಿಯ ಗಡಿಗೆಗೆ ಹಾಕ್ತೀಯೇನೇ ಕಳ್ಳಿ, ಯಾವನಿಗೆ ಮಾರಾಕೆ ಒಯ್ದಿದ್ದೆ ಎಂದು ಕೇಳಿದ. ಒಡೆದ ಗಡಿಗೆಯ ಕಂಠವನ್ನು ಅವಳ ಕೊರಳಿಗೆ ಹಾಕಿಸಿ, ಬಂದು ಹೋಗುವವರು ನೋಡಲೆಂದು ಆಸ್ಪತ್ರೆಯ ಮುಂದೆ ಬಿಸಿಲಲ್ಲಿ ನಿಲ್ಲಿಸಿದ. ತನ್ನ ತಪ್ಪಲೆಗೆ ಆ ಸೂಜಿ ಮೈಲಿಗೆ. ಅವಳ ಗಡಿಗೆಗೆ ಬಿದ್ದರೆ ಅದು ಆಸ್ಪತ್ರೆಯ ಆಸ್ತಿ. ಅಂದಿನಿಂದ ಕರಟ ಔಷಧಿ ಕೋಣೆಯೊಳಗಿನ ಮೊಳೆಗೆ ಹೋಯಿತು.

ಅದು ಮೊಳೆಯಿಂದ ಇಳಿದದ್ದು ಶಿವಮೊಗ್ಗದಿಂದ ಆಸ್ಪತ್ರೆ ನೋಡಲು ಸಾಹೇಬರು ಬಂದ ದಿನ. ಜೀಪಿನ ಸದ್ದು ಕೇಳಿದ್ದೇ ಶೇಷಪ್ಪ ಕೋಲಿನ ತುದಿಯಿಂದ ಕರಟ ಎತ್ತಿ ಹನುಮಮ್ಮನ ಮಡಿಲಿಗೆ ಹಾಕಿದ. ಮುಚ್ಕಂಡು ಕೂತ್ಕ, ಬಾಯಿ ಬಿಟ್ರೆ ಗುಡ್ಸಲಿಗೆ ಬೆಂಕಿ ಬೀಳ್ತತಿ ಅಂದ. ಸಾಹೇಬರು ತಪ್ಪಲೆ ನೋಡಿ ತಲೆದೂಗಿದರು. ಎಲ್ಲರಿಗೂ ಇದೇ ತಾನೇ ಎಂದು ಕೇಳಿದರು. ಭೇದ ಭಾವ ಇಲ್ರೀ ನಮ್ಮಲ್ಲಿ, ಕಾಯ್ದೆ ಬಂದೈತಲ್ರೀ ಎಂದ ಶೇಷಪ್ಪ. ಸಾಹೇಬರು ಜಗಲಿಗೂ ಬಂದು, ಮುದುರಿ ಕೂತ ಹೆಂಗಸನ್ನು ನೋಡಿ, ಇವಳಿಗೇನು ಎಂದರು. ಹೊಟ್ಟೆನೋವು ಎಂದರು ಡಾಕ್ಟರು, ಒಳಬಾಗಿಲಲ್ಲೇ ನಿಂತು. ಮಗಳನ್ನು ಕೊಂದ ಸೂಜಿ ಸೀರೆ ತೂರಿ ಹೊಟ್ಟೆಗೆ ನಾಟುತ್ತಿತ್ತು. ಹನುಮಮ್ಮ ಹೌದೆಂದು ತಲೆಯಾಡಿಸಿದಳು.

ಮಳೆ ಹಿಂದಾಗುವ ಹೊತ್ತಿಗೆ ಸೊರಬದ ಬಸ್ಸಿನಿಂದ ಕಲ್ಲಪ್ಪ ಇಳಿದ. ಹೆಗಲ ಮೇಲೆ ಗುತ್ಯಮ್ಮ, ಇನ್ನೂ ಹಾಲುಹಲ್ಲಿನ ಕೂಸು. ಪಕ್ಕೆಲುಬು ಒಳಕ್ಕೆ ಸೇದಿಕೊಂಡು ಉಸಿರೆಳೆಯುತ್ತಿತ್ತು. ಅಲ್ಲಿ ಔಷ್ದಿ ತೀರೈತಂತೆ ಅತ್ತೆ, ನೀನು ಆಸ್ಪತ್ರೇಲಿ ಇದೀಯಲ್ಲ ಅಂತ ತಂದೆ ಎಂದ. ಡಾಕ್ಟರು ಕಿಟಕಿಯಿಂದಲೇ ಕೂಸನ್ನು ನೋಡಿ ಎರಡೇ ಮಾತಾಡಿದರು: ಪೆನಿಸಿಲಿನ್ ಈಗಲೇ ಬೀಳಬೇಕು, ತಡಮಾಡಿದರೆ ಉಳಿಯುವುದಿಲ್ಲ.

ಸ್ಟೋವು ಉರಿಯುತ್ತಿತ್ತು. ತಪ್ಪಲೆಯಲ್ಲಿ ಅಕ್ಕ ಸೂಜಿ, ಪಿಚಕಾರಿ ಎರಡೂ ಬಿದ್ದಿದ್ದವು. ಶಕ್ತಿಯ ಇಂಜೆಕ್ಷನ್ ತೆಗೆದುಕೊಳ್ಳಲು ತುಂಗಮ್ಮ ಮುಂದಿನ ಬೆಂಚಿನಲ್ಲಿ ಕೂತಿದ್ದರು. ಕರಟದ ಸೂಜಿಯನ್ನು ಬೆಳಿಗ್ಗೆಯೇ ಒಬ್ಬನ ಕೀವಿನ ಕಾಲಿಗೆ ಚುಚ್ಚಿ ಆಗಿತ್ತು. ಅದರ ಮೈ ಕಂದಾಗಿತ್ತು.

ಹನುಮಮ್ಮ ಹೊಸ್ತಿಲಾಚೆ ಮೊಣಕಾಲೂರಿದಳು. “ಒಡೇರೆ, ಇದೊಂದ್ಸಲ ಆ ನೀರಾಗ ಅದ್ದಿ ತಗೀರಿ. ಇಲ್ಲಾ ನನ್ನ ಕೈಗೆ ಕೊಡ್ರಿ, ನಾ ಕುದಿಸ್ಕಂಡು ಬರ್ತೀನಿ. ನಿಮ್ಮ ಎಕ್ಕಡ ತಲಿಮ್ಯಾಲೆ ಹೊರ್ತೀನಿ.”

“ಮಗಳು ಸತ್ರೂ ಸೊಕ್ಕು ಇಳೀಲಿಲ್ಲ ನೋಡು ರಂಡೆಗೆ. ಬೇಕಾದ್ರೆ ಚುಚ್ಚಿಸ್ಕ, ಬ್ಯಾಡಾದ್ರೆ ಹೊತ್ಕಂಡು ಹೋಗು. ಗುಂಡಿ ತೋಡಾಕೆ ಜಾಗ ಗೊತ್ತೈತಲ್ಲ.”

ಹಾಗೆಂದ ಶೇಷಪ್ಪ ತುಂಗಮ್ಮನವರಿಗೆ ಮಂಚಕ್ಕೆ ದುಪ್ಪಟಿ ಹಾಸಲು ಆಚೆ ಹೋದ.

ಹನುಮಮ್ಮ ಎದ್ದಳು. ಪೊರಕೆ ಕೆಳಗಿಟ್ಟಳು. ಹೊಸ್ತಿಲು ದಾಟಿ, ಮೊಳೆಯಿಂದ ಕರಟ ತೆಗೆದು, ತಾಮ್ರದ ತಪ್ಪಲೆಗೆ ಬೋರಲು ಹಾಕಿದಳು. ಟಣ್ ಎಂದು ಸಣ್ಣ ಸದ್ದಾಯಿತು.

ದುಪ್ಪಟಿ ಹಿಡಿದೇ ಬಂದ ಶೇಷಪ್ಪ ಅದನ್ನು ಅಲ್ಲೇ ಬಿಸಾಡಿದ. ಪೊರಕೆ ಎತ್ತಿಕೊಂಡು ಅದರ ಬುಡದಿಂದ ಅವಳ ಬೆನ್ನಿಗೆ, ಕಿವಿಗೆ, ಕತ್ತಿಗೆ ಬಾರಿಸಿದ. ಅವಳು ತಿರುಗಲಿಲ್ಲ. ಅವನು ತಪ್ಪಲೆ ಉರುಳಿಸಲು ಬಂದಾಗ ಅವಳು ಎರಡೂ ಕೈಯಿಂದ ಅದರ ಅಂಚು ಹಿಡಿದಳು. ಚರ್ಮ ಸುಟ್ಟ ವಾಸನೆ ಬಂತು.

“ಒದೀರಿ ಒಡೇರೆ,” ಎಂದಳು. “ಕುದಿನೀರು ಇಬ್ರ ಮ್ಯಾಲೂ ಬೀಳ್ತತಿ. ಕುದಿಯೋದಕ್ಕೆ ಜಾತಿ ಇಲ್ಲ.”

ಅವನು ಹಿಂದೆ ಸರಿದ. ಡಾಕ್ಟರು ಬಂದರು. ಜಗಲಿಯವರು ಕಿಟಕಿಗೆ ಮುಗಿಬಿದ್ದಿದ್ದರು. ಈ ಸಲ ಯಾರೂ ನಗಲಿಲ್ಲ. ಪೊಲೀಸರನ್ನು ಕರೆಸ್ತೀನಿ ಎಂದರು ಡಾಕ್ಟರು.

“ಕರೆಸ್ರಿ. ಅವ್ರು ಬರೋದ್ರಾಗೆ ಕುದಿತತಿ.”

“ಎಷ್ಟೊತ್ತು ಹಿಡ್ಕೊಂಡು ನಿಲ್ತೀಯ? ಕೈ ನೋಡ್ಕೋ.”

“ಈ ಒಡೇರ ಸ್ತೋತ್ರದಷ್ಟೇ ಹೊತ್ತು. ನನಗೆ ಸ್ತೋತ್ರ ಬರಂಗಿಲ್ಲ. ಕಥಿ ಬರ್ತತಿ.”

ನೀರು ಮರಳುತ್ತಿತ್ತು. ಕಿಟಕಿಯ ಸರಳುಗಳಾಚೆ ಕಲ್ಲಪ್ಪನ ತೋಳಿನಲ್ಲಿದ್ದ ಮೊಮ್ಮಗಳ ಕಡೆ ಮುಖ ಮಾಡಿ ಹನುಮಮ್ಮ ಶುರು ಮಾಡಿದಳು. ಒಂದೂರಾಗ ಅಕ್ಕತಂಗೇರಿದ್ರಂತೆ ಮಗಾ. ಪೆಟ್ಟಿಗೆ, ಬಸ್ಸು, ಅರಮನೆ, ಕರಟ ಎಲ್ಲ ಬಂದವು. ಕೆಂಪಪ್ಪನ ಬೆನ್ನು ಬಂತು. ಚೌಡೇಶ್ವರಿ ಬಂದು, ನಕ್ಕು, ಸತ್ತಳು. ಜೀಪು ಬಂದು ಹೋಯಿತು. ದನಿ ಎರಡು ಕಡೆ ಒಡೆಯಿತು, ಆದರೆ ನಿಲ್ಲಲಿಲ್ಲ. ಕೂಸಿನ ಕಣ್ಣು ಅರ್ಧ ತೆರೆದಿತ್ತು. ಕೇಳುತ್ತಿತ್ತೋ ಇಲ್ಲವೋ ಹೇಳುವಂತಿರಲಿಲ್ಲ. ಕಡೆಗೆ ಒಂದು ದಿನ ತಂಗಿ ಅರಮನೆಯ ಹೊಸ್ತಿಲು ದಾಟಿ ಹೋಗಿ ಅಕ್ಕನ ನೀರಿಗೇ ಬಿದ್ದಳು ಎಂದು ಹನುಮಮ್ಮ ಹೇಳಿದಳು. ಮೈಯ ಕೊಳೆಯೆಲ್ಲ ಬಿಟ್ಟಿತು. ಅಕ್ಕನಿಗೆ ಅವಳ ಗುರುತು ಸಿಕ್ಕಿತು.

ಆಮೇಲೆ ಅವಳು ಸ್ಟೋವು ಆರಿಸಲು ಹೇಳಿದಳು. ಯಾರೂ ಕದಲಲಿಲ್ಲ. ಡಾಕ್ಟರೇ ಬಗ್ಗಿ ಆರಿಸಿದರು. ತಪ್ಪಲೆಯಿಂದ ಅವಳ ಅಂಗೈಗಳನ್ನು ಬಿಡಿಸಬೇಕಾಯಿತು. ಒಂದಷ್ಟು ಚರ್ಮ ತಾಮ್ರದ ಮೇಲೇ ಉಳಿಯಿತು.

ತಟ್ಟೆಗೆ ತೆಗೆದಿಟ್ಟಾಗ ಎರಡು ಸೂಜಿಗಳೂ ಒಂದೇ ಥರ ಹೊಳೆಯುತ್ತಿದ್ದವು. ಯಾವುದು ಮೊಂಡು ಎಂಬುದು ಚುಚ್ಚಿಸಿಕೊಂಡವರಿಗೆ ಮಾತ್ರ ಗೊತ್ತಾಗುವ ಸಂಗತಿ.

“ಶೇಷಪ್ಪಾ,” ಎಂದರು ತುಂಗಮ್ಮ ಬಾಗಿಲಲ್ಲಿ ನಿಂತು, “ನಂದು ಯಾವ್ದೋ?”

ಶೇಷಪ್ಪ ತಟ್ಟೆ ನೋಡಿದ. ಮತ್ತೆ ನೋಡಿದ. ಡಾಕ್ಟರು ಕೈಗೆ ಸಿಕ್ಕ ಒಂದನ್ನು ಪಿಚಕಾರಿಗೆ ಸಿಕ್ಕಿಸಿ, ಔಷಧಿ ತುಂಬಿ, ಮೊದಲ ಬಾರಿಗೆ ಹಿಂದಿನ ಜಗಲಿಗೆ ಹೋದರು. ಕಲ್ಲಪ್ಪ ಕೂಸನ್ನು ಮಗ್ಗುಲಾಗಿಸಿ ಹಿಡಿದ. ಸೂಜಿ ಒಳಗೆ ಹೋಯಿತು, ಔಷಧಿ ಇಳಿಯಿತು, ಸೂಜಿ ಹೊರಗೆ ಬಂತು.

ಗುತ್ಯಮ್ಮ ಅಳಲಿಲ್ಲ.

ಹನುಮಮ್ಮ ಅವಳ ಪಕ್ಕ ಕುಸಿದು, ಮುಟ್ಟಲಾಗದ ಕೈಗಳನ್ನು ಎತ್ತಿ ಹಿಡಿದುಕೊಂಡು, ಆ ಮುಖಕ್ಕೆ ಮುಖ ತಂದಳು.

“ಕಥಿ ಮುಗೀತು ಮಗಾ,” ಎಂದಳು. “ಈಗ ಅಳು.”