ಕೆಂಪು ಚುಕ್ಕೆ

ವಿಡಿಯೋ ತೆಗೆಯುವವನಿಗೆ ಕೈ ನಿಲ್ಲಬೇಕು, ಬಾಯಿ ಮುಚ್ಚಿರಬೇಕು. ನಮ್ಮವರ ಕೈ ಬಂಡೆಯ ಹಾಗೆ ನಿಲ್ಲುತ್ತಿತ್ತು. ಬಾಯಿಗೆ ಮಾತ್ರ ಬೀಗ ಇರಲಿಲ್ಲ. “ಸ್ವಲ್ಪ ಈ ಕಡೆ ತಿರುಗಿ”, “ತಾತ, ಹಲ್ಲಿಲ್ದಿದ್ರೂ ಪರವಾಗಿಲ್ಲ, ನಗಿ” ಎಂದು ಕ್ಯಾಮೆರಾದ ಹಿಂದಿನಿಂದ ವಟಗುಟ್ಟುತ್ತಲೇ ಇರುತ್ತಿದ್ದರು.

ನಮ್ಮದು ಗಂಡ ಹೆಂಡತಿ ಇಬ್ಬರೇ ನಡೆಸುವ ಸ್ಟುಡಿಯೋ. ಅವರು ಹೊರಗೆ ಹೋಗಿ ತೆಗೆದುಕೊಂಡು ಬರುತ್ತಿದ್ದರು, ನಾನು ಹಿಂದಿನ ಕೋಣೆಯಲ್ಲಿ ಕೂತು ಬೇಡದ್ದನ್ನು ಕತ್ತರಿಸುತ್ತಿದ್ದೆ. ಬೇಡದ್ದರಲ್ಲಿ ಮೊದಲನೆಯದು ಅವರ ದನಿಯೇ. ಅದನ್ನು ಅಡಗಿಸಿ ಮೇಲೆ ಒಂದು ಸಂಗೀತ ಹಾಸಿಬಿಡುತ್ತಿದ್ದೆ. ಹಾಗಾಗಿ ನನಗೆ ‘ಕತ್ತರಿ’ ಎಂದು ಹೆಸರಿಟ್ಟಿದ್ದರು.

ಅವರು ತೀರಿಕೊಂಡ ಮೇಲೆ ಒಂದು ದಿನ ಮೈದುನ ಫೋನ್ ಮಾಡಿದ. “ಅತ್ತಿಗೆ, ಅಣ್ಣನ ದನಿ ಇರೋದು ಯಾವುದಾದ್ರೂ ಇದ್ರೆ ಕಳಿಸ್ತೀರಾ? ನಂಗೆ ಮರ್ತೇ ಹೋಗ್ತಾ ಇದೆ.”

“ಅದಕ್ಕೇನು ಬರ? ಬೇಕಾದಷ್ಟಿದೆ” ಎಂದು ದೊಡ್ಡದಾಗಿ ಹೇಳಿ ಹುಡುಕಲು ಕೂತೆ.

ಒಂದೂ ಇರಲಿಲ್ಲ. ಎಷ್ಟು ಮದುವೆ, ಎಷ್ಟು ಶಾಲೆಯ ನಾಟಕ! ಎಲ್ಲದರಲ್ಲೂ ಸಂಗೀತವೇ. ಮೂಲ ಚಿತ್ರಣವನ್ನು, ಗಿರಾಕಿಗಳು ವಿಡಿಯೋ ತೆಗೆದುಕೊಂಡು ಹೋದ ಕೂಡಲೇ ಅಳಿಸುವುದು ನಮ್ಮ ಪದ್ಧತಿ, ಜಾಗ ಸಾಲುವುದಿಲ್ಲವಲ್ಲ. ನನ್ನ ಕೆಲಸ ಅಷ್ಟು ಅಚ್ಚುಕಟ್ಟು. ಅವರ ಮೇಲೂ ಸಿಟ್ಟು ಬಂತು. ಊರವರನ್ನೆಲ್ಲ ಕ್ಯಾಮೆರಾ ಮುಂದೆ ನಿಲ್ಲಿಸಿದ ಮನುಷ್ಯ ತಾನೊಂದು ಸಲ ಮುಂದೆ ಬಂದು ನಿಂತಿದ್ದರೆ ಏನು ಗಂಟು ಹೋಗುತ್ತಿತ್ತು? ಆಡಿದ ಮಾತುಗಳು ನನಗೆ ನೆನಪಿದ್ದವು. ಆದರೆ ದನಿಯನ್ನು ಕಿವಿಗೆ ತಂದುಕೊಳ್ಳಲು ನೋಡಿದರೆ ನನ್ನದೇ ದನಿ ಕೇಳಿಸುತ್ತಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಗಿರಾಕಿಗೆ ಕೊಡದೆ ಉಳಿದಿದ್ದು ಒಂದೇ ಕೆಲಸ. ಹಲ್ಲಿನ ಡಾಕ್ಟರಮ್ಮನ ತಾಯಿಗೆ ಎಪ್ಪತ್ತು ತುಂಬಿದ ಹುಟ್ಟುಹಬ್ಬ. ಅದನ್ನು ತೆಗೆದ ಮರುವಾರವೇ ನಮ್ಮವರಿಗೆ ಎದೆನೋವು ಬಂದದ್ದು. ಮೆಮೊರಿ ಕಾರ್ಡು ಅವರ ಚೀಲದಲ್ಲೇ ಉಳಿದಿತ್ತು. ತೆರೆಯಲು ನನಗೆ ಮನಸ್ಸೇ ಬಂದಿರಲಿಲ್ಲ, ಡಾಕ್ಟರಮ್ಮನೂ ಒತ್ತಾಯ ಮಾಡಿರಲಿಲ್ಲ. ಈಗ ಗಟ್ಟಿ ಮನಸ್ಸು ಮಾಡಿ ತೆರೆದೆ.

ಅಜ್ಜಿ ಕಿಟಕಿಯ ಕಡೆ ನೋಡುತ್ತ ಕೂತಿದ್ದರು. ಅವರ ಮುಖದ ಮುಂದೆ, ನೋಟ ಹರಿಯುವ ಕಡೆಗೆ, ಖಾಲಿ ಜಾಗ ಬಿಟ್ಟಿದ್ದರು ನಮ್ಮವರು. “ನೋಡೋ ಕಡೆ ಜಾಗ ಬಿಡ್ಬೇಕು. ಇಲ್ದಿದ್ರೆ ಗೋಡೆಗೆ ಮೂಗು ತಾಗಿಸಿ ನಿಲ್ಸಿದ ಹಾಗಾಗತ್ತೆ” ಎಂದು ಕಲಿಯಲು ಬಂದವರಿಗೆಲ್ಲ ಹೇಳುತ್ತಿದ್ದರು. ಝೂಮ್ ಎಳೆಯದೆ ತಾವೇ ಮೆಲ್ಲನೆ ನಡೆದು ಹತ್ತಿರ ಹೋಗಿದ್ದರು. ಅಷ್ಟರಲ್ಲಿ ಆ ದನಿ.

“ಅಜ್ಜಿ, ಕನ್ನಡಕ ಸ್ವಲ್ಪ ಮೇಲೆ. ಹಾಂ! ಈಗ ನೋಡಿ, ಮದುಮಗಳು!”

ಅಜ್ಜಿ ಬಿದ್ದು ಬಿದ್ದು ನಕ್ಕರು. ನನ್ನ ಕೈ ಅಭ್ಯಾಸಬಲದಿಂದ ದನಿ ಅಡಗಿಸಲು ಹೋಯಿತು. ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

ಅದರ ಮುಂದಿನ ತುಣುಕಿನಲ್ಲಿ ನೆಲ ಕಾಣಿಸಿತು, ಜೊತೆಗೆ ಅವರ ಕಂದು ಬೂಟುಗಳು. ಏನಾಗಿದೆಯೆಂದು ಕೂಡಲೇ ಗೊತ್ತಾಯಿತು. ಕ್ಯಾಮೆರಾದಲ್ಲಿ ಶುರು ಮಾಡಲೂ ನಿಲ್ಲಿಸಲೂ ಒಂದೇ ಗುಂಡಿ. ಒಂದು ಸಲ ಹೆಚ್ಚಾಗಿ ಒತ್ತಿದರೆ ಎಲ್ಲ ತಿರುವುಮುರುವು. ನಿಂತಿದೆ ಅಂದುಕೊಂಡಾಗ ಓಡುತ್ತಿರುತ್ತದೆ, ಓಡುತ್ತಿದೆ ಅಂದುಕೊಂಡಾಗ ನಿಂತಿರುತ್ತದೆ. ಹಾಗಾಗಿಯೇ ಪ್ರತಿ ಸಲ ಪರದೆಯಲ್ಲಿ ಕೆಂಪು ಚುಕ್ಕೆ ಇದೆಯೇ ಎಂದು ನೋಡಬೇಕು. ಇದು ಮೊದಲ ದಿನದ ಪಾಠ. ಊರಿಗೆಲ್ಲ ಆ ಪಾಠ ಹೇಳಿದವರು ಅವತ್ತು ತಾವೇ ಚುಕ್ಕೆ ನೋಡಿರಲಿಲ್ಲ. ಕೇಕ್ ಕತ್ತರಿಸಿದ್ದು ಬಂದೇ ಇರಲಿಲ್ಲ. ಅದಕ್ಕೂ ಮುಂಚೆ ಅವರು ಕ್ಯಾಮೆರಾವನ್ನು ನೆಲದ ಕಡೆಗೆ ತಗ್ಗಿಸಿ ಇಟ್ಟು, ಪಕ್ಕದಲ್ಲಿ ಕೂತು ನನಗೆ ಫೋನ್ ಮಾಡಿದ್ದು ಪೂರ್ತಿ ಬಂದಿತ್ತು.

“ಏನ್ ಕತ್ತರಿ, ಊಟ ಆಯ್ತಾ?”

ಮೌನ. ನನ್ನ ಉತ್ತರ ಅದರಲ್ಲಿಲ್ಲ.

“ಇನ್ನೂ ಇಲ್ವಾ? ಗಂಟೆ ನೋಡು. ಅಷ್ಟೊಂದು ಏನ್ ಕೆಲಸ?”

ಮತ್ತೆ ಮೌನ. ಆಗ ನಾನು ಹೇಳಿದ್ದು ಚೆನ್ನಾಗಿ ನೆನಪಿದೆ. “ನಿಮ್ಮ ದನಿ ಕತ್ತರಿಸ್ತಾ ಕೂತಿದ್ದೀನಿ ಕಣ್ರೀ. ಬೆಳಗ್ಗೆಯಿಂದ ಅದೇ.”

ಬೂಟುಗಳು ಅಲ್ಲಾಡಿದವು. ಅವರು ನಗುತ್ತಿದ್ದರು. “ಕತ್ತರಿಸು, ಕತ್ತರಿಸು. ಏನ್ ಕಮ್ಮಿ ಆಗತ್ತೆ? ಮನೆಗೆ ಬಂದು ಮತ್ತೆ ಮಾತಾಡ್ತೀನಲ್ಲ!”

ನಾನು ಬಾಯಿಗೆ ಸೆರಗು ಒತ್ತಿಕೊಂಡು ಅತ್ತುಬಿಟ್ಟೆ.

ಮೈದುನನಿಗೆ ಕನ್ನಡಕದ ಮಾತನ್ನಷ್ಟೇ ಕಳಿಸಿದೆ. ಬೂಟಿನ ತುಣುಕನ್ನು ಯಾರಿಗೂ ಕೊಡಲಿಲ್ಲ. ಕೇಕಿನ ಜಾಗಕ್ಕೆ ಯಾರೋ ನೆಂಟರು ಫೋನಿನಲ್ಲಿ ತೆಗೆದ ಫೋಟೋಗಳನ್ನು ಸೇರಿಸಿ, ತಪ್ಪಾಗಿದೆಯೆಂದು ಹೇಳಿಯೇ ಡಾಕ್ಟರಮ್ಮನಿಗೆ ಒಪ್ಪಿಸಿದೆ. ಅವರು ಸ್ಟುಡಿಯೋದಲ್ಲೇ ನಿಂತು ನೋಡಿದರು.

“ಕೇಕ್ ಹೋದ್ರೆ ಹೋಗ್ಲಿ, ಚೆನ್ನಾಗಿದೆ. ಆದ್ರೆ ಅಮ್ಮ ನಗೋ ಕಡೆ ಮಧ್ಯೆ ಯಾರೋ ಮಾತಾಡ್ತಾರಲ್ಲ? ಅದೊಂದು ತೆಗೆದುಬಿಡ್ತೀರಾ?”

ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮಾಡಬಹುದಾದ ಕೆಲಸ. ಜೀವಮಾನವೆಲ್ಲ ಮಾಡಿದ್ದೂ ಅದನ್ನೇ.

“ಆಗಲ್ಲ ಡಾಕ್ಟ್ರೇ” ಎಂದೆ. “ಅದನ್ನ ತೆಗೆದ್ರೆ, ನಿಮ್ಮಮ್ಮ ಯಾಕೆ ನಕ್ಕರು ಅಂತ್ಲೇ ಗೊತ್ತಾಗಲ್ಲ.”

ಅವರು ನನ್ನ ಮುಖ ನೋಡಿದರು. “ಸರಿ, ಇರ್ಲಿ ಬಿಡಿ” ಎಂದು ಹೊರಟರು.

ಈಗ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಹಿಂದಿನ ಕೋಣೆಗೆ ಹೋಗಿ ಬೂಟಿನ ತುಣುಕು ಹಾಕುತ್ತೇನೆ. ಊಟ ಆಯ್ತಾ ಎಂದು ಅವರು ಕೇಳುತ್ತಾರೆ. ಆಮೇಲೆ ಆ ಮೌನ ಬರುತ್ತದೆ, ನನಗೆಂದೇ ಬಿಟ್ಟ ಜಾಗ.

“ಇನ್ನೂ ಇಲ್ಲ ರೀ” ಎನ್ನುತ್ತೇನೆ. “ನಿಮ್ದಾಯ್ತಾ?”

ಆ ಪ್ರಶ್ನೆಯನ್ನು ಅವತ್ತು ನಾನು ಕೇಳಿರಲಿಲ್ಲ. ಅವರು ತಮ್ಮ ಪಾಡಿಗೆ ಗಂಟೆ ನೋಡು ಎನ್ನುತ್ತಾರೆ.