ಮೂರು ನಕ್ಷತ್ರ, ಎಪ್ಪತ್ತೈದು ಡಿಗ್ರಿ

ಟೀವಿಯೊಳಗಿನ ಹಳದಿ ಕೋಳಿಮರಿ ನೇರಳೆ ಹಲಗೆಯಿಂದ ಹಾರಿ ಕಿತ್ತಳೆ ಮೋಡದ ಮೇಲೆ ಕೂತಿತು. ತುತ್ತೂರಿ ಮೊಳಗಿತು. ಮೂರು ನಕ್ಷತ್ರ.

"ನೋಡಿ ಡಾಕ್ಟರಮ್ಮ, ಮತ್ತೆ ಮೂರು!" ಪೇಂಟರು ಕುರ್ಚಿಯಲ್ಲೇ ಕುಣಿದರು. "ನೀವು ಒಂದಿನಾದ್ರೂ ನಂಗೆ ಶಭಾಷ್ ಅಂದಿದ್ದೀರಾ?"

ಫಿಸಿಯೋ ಪೆನ್ನು ತಿರುಗಿಸುತ್ತ ಕೂತಿದ್ದಳು. ಅವಳ ತೊಡೆಯ ಮೇಲೆ ದೊಡ್ಡ ಡಾಕ್ಟರು ತುಂಬಲು ಕೊಟ್ಟ ಪ್ರಶ್ನೆಗಳ ನಮೂನೆಯಿತ್ತು. ಕೈ ಬೀಸಿ ಆಡುವ ಈ ಆಟದ ಡಬ್ಬವನ್ನು ಚಿಕಿತ್ಸಾ ಕೇಂದ್ರಕ್ಕೆ ಹತ್ತು ದಿನದ ಪರೀಕ್ಷೆಗೆಂದು ತರಿಸಿದ್ದರು. ಇಟ್ಟುಕೊಳ್ಳಬೇಕೋ ವಾಪಸು ಕಳಿಸಬೇಕೋ, ಇಂದು ಸಂಜೆಯೊಳಗೆ ಅವಳೇ ಬರೆದು ಕೊಡಬೇಕು. ರೋಗಿ ಇಷ್ಟಪಟ್ಟು ಆಡುತ್ತಾರೆಯೆ? ಹೌದು. ತಪ್ಪದೆ ಬರುತ್ತಾರೆಯೆ? ಹೌದು. ಕೈ ಮೇಲೇಳುತ್ತಿದೆಯೆ? ಅಲ್ಲಿ ಪೆನ್ನು ನಿಂತುಬಿಟ್ಟಿತ್ತು.

ಏಣಿಯಿಂದ ಬಿದ್ದ ಪೇಂಟರ ಬಲಭುಜ ಬಿಗಿದುಕೊಂಡು ಮೂರು ತಿಂಗಳಾಗಿತ್ತು. ಕೈ ನೆತ್ತಿಗಿಂತ ಮೇಲೆ ಹೋಗದಿದ್ದರೆ ಚಾವಣಿಗೆ ಬ್ರಷ್ಷು ಮುಟ್ಟುವುದಿಲ್ಲ. ಇನ್ನೆರಡು ತಿಂಗಳು ಹೀಗೇ ಬಿಟ್ಟರೆ ಕೈ ಅಷ್ಟಕ್ಕೇ ನಿಂತುಹೋಗುವ ಭಯವಿತ್ತು. ಆದರೆ ಗೋಡೆಯ ಮೇಲೆ ಬೆರಳು ನಡೆಸುವ ವ್ಯಾಯಾಮವೆಂದರೆ ಅವರಿಗೆ ಆಗದು. ಎರಡು ದಿನ ಬಂದರೆ ನಾಲ್ಕು ದಿನ ನಾಪತ್ತೆ. ಆಟ ಬಂದ ಮೇಲೆ ಬಾಗಿಲು ತೆರೆಯುವ ಮುಂಚೆಯೇ ಹೆಂಡತಿಯನ್ನೂ ಕಟ್ಟಿಕೊಂಡು ಬಂದು ಮೆಟ್ಟಿಲ ಮೇಲೆ ಕೂತಿರುತ್ತಿದ್ದರು.

ಇಷ್ಟು ದಿನ ಅವಳೂ ಕೋಳಿಮರಿಯನ್ನೇ ನೋಡಿದ್ದಳು. ಇವತ್ತು ಟೀವಿಗೆ ಬೆನ್ನು ಹಾಕಿ ಕೂತು ಪೇಂಟರ ಕೈ ನೋಡಿದಳು. ಮೊಣಕೈ ಪಕ್ಕೆಗೆ ಅಂಟಿಕೊಂಡೇ ಇತ್ತು. ಮೂವತ್ತು ವರ್ಷ ಕಿಟಕಿಯ ಅಂಚಿಗೆ ಗೆರೆ ಎಳೆದು ಪಳಗಿದ ಮಣಿಕಟ್ಟು ಅದು. ಬ್ರಷ್ಷಿನ ಬಣ್ಣ ಕೊಡವುವ ಹಾಗೆ ರಿಮೋಟನ್ನು ಚಟಕ್ಕನೆ ಕೊಡವಿದರೆ ಸಾಕು, ಮರಿ ಹಾರುತ್ತಿತ್ತು.

"ಅಣ್ಣ, ಆಟ ನಿಲ್ಸಿ. ಕೈ ಎತ್ತಿ."

"ಇಷ್ಟೊತ್ತೂ ಎತ್ತಿದ್ದೇನು ಮತ್ತೆ?"

"ಎತ್ತಿ ಅಂದೆ."

ಕೋನ ಅಳೆಯುವ ಪಟ್ಟಿಯನ್ನು ಭುಜಕ್ಕೆ ಹಿಡಿದಳು. ಎಪ್ಪತ್ತೈದು ಡಿಗ್ರಿ, ಭುಜದ ಮಟ್ಟಕ್ಕೂ ಇಲ್ಲ. ಹತ್ತು ದಿನದ ಹಿಂದೆ ಬರೆದುಕೊಂಡದ್ದೂ ಎಪ್ಪತ್ತೈದೇ.

"ನಿಮ್ಮ ಪಟ್ಟಿ ಸರಿಯಿಲ್ಲ," ಎಂದರು ಪೇಂಟರು.

"ಪಟ್ಟಿಗೆ ನಿಮ್ಮ ಮೇಲೆ ಏನಣ್ಣ ಹಗೆ?"

"ಅಂಗಿ ತೋಳು ಈಗ್ಲೂ ನಾನೇ ಏರಿಸ್ಬೇಕು ಮೇಡಂ," ಎಂದಳು ಪಕ್ಕದಲ್ಲಿ ಕೂತಿದ್ದ ಹೆಂಡತಿ. "ಕೇಳಿದ್ರೆ, ನಂಗೆ ಮೂರು ನಕ್ಷತ್ರ ಬಂದಿದೆ ಕಣೇ ಅಂತಾರೆ."

ಫಿಸಿಯೋ ಅವರ ಮಣಿಕಟ್ಟಿಗೆ ಹಲಗೆಯ ತುಂಡು ಇಟ್ಟು ಬಿಗಿಯಾಗಿ ಬಟ್ಟೆ ಸುತ್ತಿ, ರಿಮೋಟು ಕೊಟ್ಟು ಆಟ ಮತ್ತೆ ಶುರುಮಾಡಿದಳು. ಇನ್ನು ಭುಜ ಎತ್ತದೆ ವಿಧಿಯಿಲ್ಲ. ಪೇಂಟರು ಹಲ್ಲು ಕಚ್ಚಿ ಕೈ ಎತ್ತಿದರು. ಮೊಣಕೈ ಪಕ್ಕೆ ಬಿಟ್ಟು ಮೇಲೆ ಬಂತು, ಹಣೆಯಲ್ಲಿ ಬೆವರೊಡೆಯಿತು. ಇನ್ನೊಂದು ಬೆರಳಿನಷ್ಟು ಮೇಲೆ. ಹತ್ತು ದಿನದಲ್ಲಿ ಮೊದಲ ಸಲ ಆ ಭುಜ ಕೆಲಸ ಮಾಡಿತ್ತು.

ಕೋಳಿಮರಿ ಅಲುಗಲಿಲ್ಲ. ಟೀವಿಯ ನೇರಳೆ ಹಲಗೆ ಜಾರಿತು, ಮರಿ ನೀಲಿ ನೀರಿಗೆ ಬಿತ್ತು. 'ಅಯ್ಯೋ ಪಾಪ! ಇನ್ನೊಮ್ಮೆ!' ಎಂದು ಟೀವಿ ಮುದ್ದುಮುದ್ದಾಗಿ ಉಲಿಯಿತು.

ಇನ್ನೊಮ್ಮೆ ಎತ್ತಿದರು. ಮರಿ ನೀರಿಗೆ. ಅವಳು ಸಣ್ಣ ಚಲನೆಯನ್ನೂ ಹಿಡಿಯುವ ಹಾಗೆ ರಿಮೋಟಿನ ಅಳತೆ ಬದಲಿಸಿದಳು, ಕುರ್ಚಿ ಹಿಂದೆ ಸರಿಸಿದಳು, ಕಿಟಕಿ ಪರದೆ ಎಳೆದಳು. ಏಳನೆಯ ಸಲವೂ ನೀರಿಗೇ. ಆಗ ಅವಳಿಗೆ ಅರ್ಥವಾಯಿತು. ಈ ಡಬ್ಬಕ್ಕೆ ಗೊತ್ತಿರುವುದು ವೇಗ ಮಾತ್ರ. ನೋವು ತಿಂದು ನಿಧಾನವಾಗಿ ಎತ್ತಿದ ಕೈ ಅದರ ಕಣ್ಣಿಗೆ ಬೀಳುವುದೇ ಇಲ್ಲ.

"ಕೊಡವಿದ್ರೆ ಶಭಾಷ್, ಎತ್ತಿದ್ರೆ ಅಯ್ಯೋ ಪಾಪ!" ಪೇಂಟರು ರಿಮೋಟನ್ನು ಮಂಚಕ್ಕೆ ಎಸೆದರು. "ಕಟ್ಟು ಬಿಚ್ಚಿ. ನಾನು ಮೊದ್ಲಿನ ಥರಾನೇ ಆಡ್ತೀನಿ."

"ಮೊದಲಿನ ಥರ ಆಡಿದ್ರೆ ಕೈ ಏಳಲ್ಲ ಅಣ್ಣ."

"ಮನಸ್ಸಾದ್ರೂ ಏಳುತ್ತಲ್ಲ!"

ಆ ಮಾತು ಅವಳಿಗೆ ನಾಟಿತು. 'ಹೌದು' ಎಂದು ಬರೆದರೆ ಈ ಮನುಷ್ಯ ದಿನಾ ಬರುತ್ತಾರೆ, ಭುಜ ಬರುವುದಿಲ್ಲ. 'ಇಲ್ಲ' ಎಂದರೆ ಮನುಷ್ಯನೇ ಬರದೆ ಹೋಗಬಹುದು. ಡಬ್ಬವನ್ನು ಕಿಟಕಿಯಿಂದಾಚೆ ಎಸೆಯುವಷ್ಟು ಸಿಟ್ಟು ಬಂತು. ಎಸೆಯಲಿಲ್ಲ. ಮೂರನೆಯ ಪ್ರಶ್ನೆಯ ಮುಂದೆ 'ಇಲ್ಲ' ಎಂದು ಬರೆದು, ಕೆಳಗೆ 'ವಾಪಸು ಕಳಿಸುವುದು' ಎಂದು ಸೇರಿಸಿ ಸಹಿ ಹಾಕಿದಳು. ಆಮೇಲೆ ಪೇಂಟರ ಕಟ್ಟು ಬಿಚ್ಚಿ, ಟೀವಿಯ ವೈರು ಕಿತ್ತಳು.

"ಹಾಗಾದ್ರೆ ನಾಳೆ ನಾನು ಬರಲ್ಲ," ಎಂದರು ಪೇಂಟರು.

"ಹತ್ತು ಗಂಟೆಗೆ ಗೋಡೆ ಹತ್ರ ಕಾಯ್ತಿರ್ತೀನಿ."

"ಆ ಗೋಡೆ ಜೊತೆ ನೀವೇ ಆಡ್ಕೊಳ್ಳಿ!"

ಮುಖ ಊದಿಸಿಕೊಂಡು, ಚಪ್ಪಲಿ ಅರ್ಧಂಬರ್ಧ ಮೆಟ್ಟಿಕೊಂಡು ಇಳಿದೇಬಿಟ್ಟರು. ಹೆಂಡತಿ ಚೀಲ ಎತ್ತಿಕೊಂಡು ಬಾಗಿಲಲ್ಲಿ ತಡೆದು ನಿಂತಳು.

"ಎಳ್ಕೊಂಡಾದ್ರೂ ಬರ್ತೀನಿ ಮೇಡಂ," ಎಂದು ದನಿ ತಗ್ಗಿಸಿದಳು. "ಎಳೆಯೋಕೆ ಎಡಗೈ ಹಿಡೀಬಹುದಲ್ವಾ?"

"ಹಿಡೀಬಹುದಕ್ಕ," ಎಂದಳು ಫಿಸಿಯೋ. ನಗು ಬರಲಿಲ್ಲ.