ವಾಡಿಯವರಿಗೆ ಕೊಡದ ಮಷೀನು

ನನ್ನ ಬಾಯಿ ಸರಿಯಿಲ್ಲ. ವಾಡಿ ಸ್ಟೇಷನ್ ರೋಡಿನ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಬರುವ ಯಾರನ್ನಾದರೂ ಕೇಳಿ, ಹೇಳುತ್ತಾರೆ. ಆ ಬಾಯಿಂದಲೇ ಸುಜಾತಾಳನ್ನು ಕಳೆದುಕೊಂಡೆ.

ಅಂಗಡಿ ಇಬ್ಬರದೂ ಆಗಿತ್ತು. ಅವಳು ಸನ್ನತಿಯವಳು, ಐಟಿಐ ಮಾಡಿದ ಎಲೆಕ್ಟ್ರಿಷಿಯನ್. ಹಿಂದಿನ ಕೋಣೆಯಲ್ಲಿ ಶಹಾಬಾದಿ ಫರ್ಶಿಕಲ್ಲಿನ ನೆಲದ ಮೇಲೆ ಎರಡು ಬಿಟ್‌ಕಾಯಿನ್ ಮಷೀನು ಇಟ್ಟಿದ್ದೆವು. ಬೂಟಿನ ಡಬ್ಬಿಗಿಂತ ತುಸು ದೊಡ್ಡವು. ಹಗಲೆಲ್ಲ ಮಾಳಿಗೆಯ ಸೋಲಾರ್ ಕರೆಂಟು ತಿಂದು ಬಿಟ್‌ಕಾಯಿನ್ನಿನ ಲೆಕ್ಕ ಬಿಡಿಸಿ ನಾಲ್ಕು ಕಾಸು ತರುವುದು ಬಿಟ್ಟರೆ ಬೇರೇನೂ ಬಾರದವು. ಊರಿನ ಸಿಮೆಂಟ್ ಕಾರ್ಖಾನೆಯ ಧೂಳು ಒಳಗೆ ಹೋಗದಿರಲೆಂದು ಸುಜಾತಾ ನನ್ನವ್ವ ಜಾನಕೀಬಾಯಿಯ ಹಳೆಯ ಹಸಿರು ನೂಲಿನ ಸೀರೆ ಹರಿದು ಫ್ಯಾನಿನ ಬಾಯಿಗೆ ಕಟ್ಟಿದ್ದಳು. ದಿನಾ ಸಂಜೆ ಅದನ್ನು ಬಿಚ್ಚಿ ಒಗೆಯುತ್ತಿದ್ದಳು. ಫ್ಯಾನಿನ ಗದ್ದಲದಲ್ಲಿ ನಾವು ಕೂಗಿ ಕೂಗಿ ಮಾತಾಡುತ್ತಿದ್ದೆವು. ಹೊರಗಿನವರು ಜಗಳ ನಡೆದಿದೆ ಎಂದುಕೊಳ್ಳುತ್ತಿದ್ದರು.

ನಿಜವಾದ ಜಗಳ ಒಂದೇ ಸಲ ಆಯಿತು.

"ಈ ಧೂಳಿನಾಗ ಇವು ಭಾಳ ದಿನ ಬಾಳಂಗಿಲ್ಲ ಶುಭಾ," ಎಂದಳು. "ಚಿಂಚೋಳಿಗಿ ಹೋಗೂಣು. ನಮ್ಮಕ್ಕನ ಮನಿ ಬಾಜೂಕ ಒಂದು ಖೋಲಿ ಖಾಲಿ ಅದ. ಅಲ್ಲಿ ಗಾಳಿ ಛಲೋ ಅದ."

ಹುಟ್ಟಿದ ಊರನ್ನು ಬೈದರೆ ನನಗೆ ತಡೆಯುವುದಿಲ್ಲ. "ಬೇಕಿದ್ರ ನೀ ಹೋಗು," ಎಂದೆ. "ನಿನ್ನಂಥವ್ರು ಹತ್ತು ಮಂದಿ ಸಿಗ್ತಾರ ನನಗ."

ಅವಳು ಮರುದಿನವೇ ತನ್ನ ಪಾಲಿನ ಮಷೀನನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಚಿಂಚೋಳಿ ಬಸ್ ಹತ್ತಿದಳು.

ಅವಳು ಹೋದ ಹನ್ನೊಂದು ತಿಂಗಳಿಗೆ ನನ್ನ ಮಷೀನು ಸುಟ್ಟ ವಾಸನೆ ಬಿಟ್ಟು ನಿಂತಿತು. ಬಿಚ್ಚಿದರೆ ಒಳಗೆಲ್ಲ ಧೂಳು ಗಟ್ಟಿಯಾಗಿ ಕೂತಿತ್ತು. ಅವಳು ಹೇಳಿದ್ದೇ ನಿಜವಾಯಿತಲ್ಲ ಎಂದು ಅದಕ್ಕೂ ಅವಳ ಮೇಲೆಯೇ ಸಿಟ್ಟು ಬಂತು. ಫ್ಯಾನಿನ ಗದ್ದಲವಿಲ್ಲದೆ ಕೋಣೆ ಗಪ್ಪಾದ ಮೇಲೆ ಸಿಟ್ಟು ಹೋಯಿತು, ಅವಳ ನೆನಪು ಉಳಿಯಿತು. ಅಂಗಡಿಯಲ್ಲಿ ಚಹಾ ಮಾಡುವಾಗ ಆಗಲೂ ಎರಡು ಕಪ್ ನೀರು ಇಡುತ್ತಿದ್ದೆ.

ಹೊಸ ಮಷೀನು ಹುಡುಕತೊಡಗಿದೆ. ಮೊದಲು ಕೊಟ್ಟಿದ್ದ ಹೈದರಾಬಾದಿನ ವ್ಯಾಪಾರಿ ಅಂಗಡಿಯನ್ನೇ ಮುಚ್ಚಿದ್ದ. ಬೇರೆ ಯಾರಿದ್ದಾರೆಂದು ಶಹಾಬಾದಿನ ಅದ್ನಾನ್‌ನನ್ನು ಕೇಳಿದೆ. ಅವನದು ಹಳೆಯ ಕಂಪ್ಯೂಟರ್ ಸಾಮಾನಿನ ದಲ್ಲಾಳಿ ಕೆಲಸ. ಈ ಧಂದೆಯಲ್ಲಿ ಮೋಸ ಜಾಸ್ತಿ, ಅದಕ್ಕೇ ಒಂದು ರಿವಾಜಿದೆ: ಕೊಳ್ಳುವವರ ಹೆಸರು, ತಾರೀಖು ಬರೆದ ಚೀಟಿಯನ್ನು ನಡೆಯುವ ಮಷೀನಿನ ಮುಂದೆ ಹಿಡಿದು ಮಾರುವವರು ವಿಡಿಯೋ ಕಳಿಸಬೇಕು. ಇಲ್ಲವಾದರೆ ಯಾರದೋ ಮಷೀನು ತೋರಿಸಿ ಟೋಪಿ ಹಾಕುತ್ತಾರೆ.

ವಿಡಿಯೋಗಳು ಬಂದವು. ದಿಲ್ಲಿಯದರಲ್ಲಿ ಫ್ಯಾನಿನ ಸದ್ದು ಸರಿಯಿಲ್ಲ ಎಂದೆ. ಪುಣೆಯದು ತೀರಾ ಹಳತು ಎಂದೆ. ಸೂರತ್ತಿನದರಲ್ಲಿ ಎಲ್ಲ ಸರಿಯಿತ್ತು, ಚೀಟಿಯ ಅಕ್ಷರ ಸೊಟ್ಟಗಿದೆ ಎಂದೆ.

ಅದ್ನಾನ್ ಫೋನಿನಲ್ಲಿ ನಕ್ಕ. "ಅಕ್ಕಾ, ಖರೇ ಹೇಳ್ರಿ, ನೀವು ಮಷೀನ್ ಹುಡುಕಾಕತ್ತೀರೋ, ಮತ್ತೇನರೆ ಹುಡುಕಾಕತ್ತೀರೋ?"

"ನಿನ್ನ ಕೆಲಸ ನೀ ಮಾಡು," ಎಂದೆ.

"ಆಯ್ತ್ರಿ. ಇನ್ನೊಂದೇ ಉಳದದ. ಚಿಂಚೋಳ್ಯಾಗ ಒಬ್ರು ಅಕ್ಕಾರು ಇದ್ದಾರ. ಮಷೀನ್ ಹೊಸದರಂಗ ಇಟ್ಟಾರ. ಒಬ್ಬಾಕಿಗೇ ಬ್ಯಾಸರಾಗ್ಯಾದ, ಮಾರ್ತೀನಿ ಅಂತಾರ. ಆದ್ರ ವಾಡಿಯವ್ರಿಗಿ ಕೊಡಾಂಗಿಲ್ಲಂತ. ಅಲ್ಲಿ ಒಯ್ದು ಸುಡ್ತಾರಂತ."

ನಾನು ಕುರ್ಚಿ ಎಳೆದುಕೊಂಡು ಕೂತೆ.

"ನಿಮ್ಮೂರು ಸೇಡಂ ಅಂತ ಹೇಳ್ಲೇನ್ರಿ? ಚೀಟಿ ಮ್ಯಾಲ ಯಾರ ಹೆಸರು ಬರಸ್ಲಿ?"

ಸುಳ್ಳು ಹೆಸರು ಕೊಟ್ಟರೆ ಮಷೀನು ಸಿಗುತ್ತಿತ್ತು. ನನ್ನ ಹೆಸರು ಕೊಟ್ಟರೆ ಅವಳು ಇಲ್ಲವೆನ್ನಬಹುದು, ಆಮೇಲೆ ಫೋನು ಮಾಡಲು ನನಗೆ ಮುಖವೇ ಇರುವುದಿಲ್ಲ.

"ಶುಭಾ ಅಂತ ಬರಸು," ಎಂದೆ. "ವಾಡಿ ಅಂತನೂ ಬರಸು. ನನ್ನ ಮಷೀನು ಸುಟ್ಟದ ಅಂತನೂ ಹೇಳು."

ಎರಡು ದಿನ ಏನೂ ಬರಲಿಲ್ಲ. ಗಿರಾಕಿಗಳ ಮೇಲೆ ಹರಿಹಾಯ್ದೆ. ಅವ್ವ, "ಯಾಕವಾ, ಯಾರ ಸಿಟ್ಟು ಯಾರ ಮ್ಯಾಲ?" ಎಂದು ಕೇಳಿದಳು. ಮೂರನೆಯ ದಿನ ಮಧ್ಯಾಹ್ನ ವಿಡಿಯೋ ಬಂತು.

ಮೊದಲು ಆ ಗದ್ದಲ. ನನ್ನದು ನಿಂತ ಮೇಲೆ ಅಂಥದ್ದೇ ಸದ್ದು ಮತ್ತೆ ಕೇಳಿರಲಿಲ್ಲ. ಫ್ಯಾನಿನ ಬಾಯಿಗೆ ಅವ್ವನ ಹಸಿರು ಸೀರೆಯ ತುಂಡು ಕಟ್ಟಿತ್ತು, ಆಗಷ್ಟೇ ಒಗೆದದ್ದು. ಆಮೇಲೆ ಒಂದು ಕೈ ಬಂತು. ಹೆಬ್ಬೆರಳಿನ ಮೇಲೆ ಬೆಸುಗೆ ಹಾಕುವ ಕಾದ ಕಡ್ಡಿ ತಾಗಿದ ಹಳೆಯ ಕಲೆ. ಸುಟ್ಟುಕೊಂಡ ದಿನ ಅದಕ್ಕೆ ತುಪ್ಪ ಹಚ್ಚಿದವಳು ನಾನೇ.

ಆ ಕೈ ಚೀಟಿ ಎತ್ತಿ ಹಿಡಿಯಿತು. ತಾರೀಖು ಸರಿಯಾಗಿತ್ತು. ಅದರ ಕೆಳಗೆ ಬರೆದಿದ್ದಳು: ಶುಭಾಗ ಮಾರೂದಿಲ್ಲ.

ನನಗೆ ಅಳು ಬಂತು. ಗಿರಾಕಿ ಎದುರಿಗೇ ನಿಂತಿದ್ದ, ಆದರೂ ತಡೆಯಲಾಗಲಿಲ್ಲ. ಫೋನು ಬೋರಲು ಹಾಕಿದೆ. ಗದ್ದಲ ನಿಲ್ಲಲಿಲ್ಲ, ವಿಡಿಯೋ ಇನ್ನೂ ಮುಗಿದಿರಲಿಲ್ಲ. ಮತ್ತೆ ಎತ್ತಿ ನೋಡಿದೆ.

ಕೈ ನಿಧಾನವಾಗಿ ಚೀಟಿಯನ್ನು ತಿರುವಿತು. ಹಿಂದೆ ಇನ್ನೊಂದು ಸಾಲಿತ್ತು.

ಸುಟ್ಟದ್ದು ತಗೊಂಡು ಇಲ್ಲಿಗೇ ಬಾ, ಖೋಲಿ ಇನ್ನಾ ಖಾಲಿ ಅದ.